ಭಾವ ಗೊತ್ತು, ತೂಕ ಗೊತ್ತು, ವಾಟ್ ಗೊತ್ತಿಲ್ಲ

ಗಾಂಧಿ ಗಂಜದಲ್ಲಿ ಕ್ಯಾಲ್ಕುಲೇಟರ್ ಅಂಗಡಿ ಹಾಕಿದವನು ಉಪವಾಸ ಬೀಳುತ್ತಾನೆ. ತೊಗರಿ, ಕಡಲೆ, ಉದ್ದು, ಹೆಸರು, ಸೋಯಾ ಚೀಲಗಳು ಬಂದು ಬೀಳುವ ಹಂಗಾಮಿನಲ್ಲಿ ಬೀದರಿನ ಈ ಪೇಟೆಯ ಯಾವುದಾದರೂ ಅಡತಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಭಾವ 7,350, ತೂಕ 12 ಕ್ವಿಂಟಲ್ 40 ಕಿಲೋ ಎಂದು ಕಾಂಟಾದ ಹತ್ತಿರ ನಿಂತವನು ಕೂಗಿ ಬಾಯಿ ಮುಚ್ಚುವುದರೊಳಗೆ ಗಾದಿಯ ಮೇಲಿನ ಸಾಹುಕಾರರು 91,140 ಎಂದಿರುತ್ತಾರೆ. ಬಾಯಲ್ಲಿ ಅಡಿಕೆ, ಕಿವಿಗೆ ಮೊಬೈಲು, ಕಣ್ಣು ಎದುರಿನ ಅಂಗಡಿಯ ಮೆಟ್ಟಿಲು ಹತ್ತುತ್ತಿರುವ ಗಿರಾಕಿಯ ಮೇಲೆ. ಆದರೂ ಪೈಸೆ ತಪ್ಪುವುದಿಲ್ಲ. ಹಮಾಲಿ ಕಳೆದು, ಹಿಂದಿನ ಮುಂಗಡ ಮುರಿದುಕೊಂಡು, ರೈತನ ಕೈಗೆ ಎಷ್ಟು ಎಂಬುದೂ ಅದೇ ಉಸಿರಿನಲ್ಲಿ ಬಂದುಬಿಡುತ್ತದೆ.

ಇಂಥ ಸಾಹುಕಾರರ ಕೈಗೆ ಮನೆಯ ಲೈಟ್ ಬಿಲ್ ಕೊಡಿ, ಆಗ ತಮಾಷೆ ನೋಡಿ. ನನ್ನ ಸ್ನೇಹಿತರೊಬ್ಬರ ಕಥೆ ಇದು. ಗೃಹಜ್ಯೋತಿ 2023ರ ಆಗಸ್ಟ್ 5ರಂದು ಪಕ್ಕದ ಕಲಬುರಗಿಯಲ್ಲೇ ಉದ್ಘಾಟನೆಯಾದ ಮೇಲೆ ಅವರ ಮನೆಗೆ ಸೊನ್ನೆ ಬಿಲ್ ಬರುತ್ತಿತ್ತು. ಸೊನ್ನೆಯನ್ನು ಯಾರು ಗುಣಿಸುತ್ತಾರೆ? ಆದರೆ ಆ ಸೊನ್ನೆಗೂ ಒಂದು ಮಿತಿ ಉಂಟು. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10, ಮೀರಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್. ಬೀದರಿನ ಡಿಸೆಂಬರ್ ಚಳಿ, ಊರಿಗೆ ಬಂದ ಮಗಳು-ಅಳಿಯ, ಹೊತ್ತು ಮೂಡುವ ಮೊದಲೇ ಬಿಸಿನೀರು. ಬಿಲ್ ದಾಟಿತು.

"ಮೀಟರ್ ಕೆಟ್ಟದ್ರೀ ಮಾಸ್ತರ. ಸುಮ್ ಸುಮ್ಕ ಓಡ್ಲತ್ತದ. ನಾಳೆ ಕೆಇಬಿಗೆ ಹೋಗಿ ಜಗಳಾ ತೆಗಿತೀನಿ."

ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಬಂತು. ಜಗಳದ ವಿಳಾಸ ಮಾತ್ರ ಗಂಜದಲ್ಲಿ ಇನ್ನೂ ಬದಲಾಗಿಲ್ಲ.

ನಾನೆಂದೆ: "ಸಾವ್ಕಾರ್ರ, ಜಗಳಕ್ಕ ಮೊದ್ಲ ಒಂದು ಗುಣಾಕಾರ ಮಾಡೋಣ್ರಿ. ಭಾವಕ್ಕ ತೂಕ ಗುಣಿಸಿದ್ರ ರೊಕ್ಕ ಹೌದಲ್ರಿ? ಹಂಗೇ ವೋಲ್ಟಿಗೆ ಆಂಪಿಯರ್ ಗುಣಿಸಿದ್ರ ವಾಟ್. ವೋಲ್ಟು ಭಾವ, ಆಂಪಿಯರ್ ಮಾಲು. ಭಾವ ಎಷ್ಟೇ ಏರ್ಲಿ, ಮಾಲು ಬರಲಿಲ್ಲಂದ್ರ ನಿಮ್ಗ ರೊಕ್ಕ ಇಲ್ಲ. ಕರೆಂಟಿಗೂ ಅದೇ ಕಾಯ್ದೆ."

ಮುಖ ಅರಳಿತು. ಇಷ್ಟು ವರ್ಷ ಈ ಸಂಬಂಧವನ್ನು ಯಾರೂ ಅವರ ಭಾಷೆಯಲ್ಲಿ ಹೇಳಿರಲಿಲ್ಲ. ಶಾಲೆಯಲ್ಲಿ ಹೇಳಿದ್ದು ಪರೀಕ್ಷೆಗೆ. ಪರೀಕ್ಷೆ ಮುಗಿಯಿತು, ಸೂತ್ರವೂ ಮುಗಿಯಿತು. ಇನ್ನೊಂದು ಭಾಗಾಕಾರ ಉಳಿದಿತ್ತು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಅಂದರೆ ತಂತಿ ಕರೆಂಟಿಗೆ ಒಡ್ಡುವ ತಡೆ. ನಾಲ್ಕು ಅಂಕಿಗಳಲ್ಲಿ ಎರಡು ಕೈಯಲ್ಲಿದ್ದರೆ ಉಳಿದೆರಡು ಓಡಿಹೋಗುವುದು ಸಾಧ್ಯವಿಲ್ಲ. ಆ ಎರಡನ್ನು ಕಂಪನಿಯವರು ಪುಕ್ಕಟೆ ಬರೆದೂ ಕೊಟ್ಟಿರುತ್ತಾರೆ. ಮಿಕ್ಸರಿನ ತಳದಲ್ಲಿ, ಫ್ರಿಜ್ಜಿನ ಬೆನ್ನಿನಲ್ಲಿ, ನೀರು ಕಾಯಿಸುವ ರಾಡಿನ ಹಿಡಿಕೆಯ ಮೇಲೆ. ಆದರೆ ಸಾಮಾನು ತಂದ ದಿನ ನಾವು ಓದುವುದು ಬೆಲೆಯ ಚೀಟಿಯನ್ನು. ಅದನ್ನೂ ಎಷ್ಟು ಕಡಿಮೆ ಮಾಡಿಸಿದೆವು ಎಂದು ಹೆಂಡತಿಗೆ ಹೇಳುವುದಕ್ಕೆ.

ಪರೀಕ್ಷೆ ಮನೆಯಲ್ಲೇ ನಡೆಯಿತು. ವೈರಿಂಗ್ ಕೆಲಸದ ಉಸ್ತಾದರನ್ನು ಕರೆಸಿದೆವು. ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದಲ್ಲ, ಅದು ಅಲಂಕಾರಕ್ಕೆ ಅಲ್ಲ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂದು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಈ ಮೀಟರಿನಲ್ಲಿ 3200 ಎಂದಿತ್ತು. 1000 ವಾಟಿನ ರಾಡು ಒಂದು ತಾಸು ಉರಿದರೆ ಒಂದು ಯೂನಿಟ್, ಅಂದರೆ 3200 ಮಿಣುಕು. ನಿಮಿಷಕ್ಕೆ 53 ಚಿಲ್ಲರೆ. ಅದಕ್ಕಿಂತ ಜಾಸ್ತಿ ಬಂದರೆ ಮೀಟರ್ ಕಳ್ಳ, ಸಾಹುಕಾರರು ಸಾಚಾ.

"ಎಲ್ಲಾ ಬಟನ್ ಬಂದ್ ಮಾಡ್ರಿ," ಅಂದರು ಉಸ್ತಾದ್.

"ಫ್ರಿಜ್ಜಿನಾಗ ಹಾಲದ," ಅಂದರು ವೈನಿ ಒಳಗಿನಿಂದ.

"ಒಂದ್ ನಿಮಿಷಕ್ಕ ಹಾಲು ಒಡಿಯಲ್ಲ ವೈನಿ."

"ನಿಮ್ಮ ಒಂದ್ ನಿಮಿಷ ನನಗ ಗೊತ್ತದ."

ಬಕೆಟಿನಲ್ಲಿ ರಾಡು ಇಳಿಯಿತು. ಸಾಹುಕಾರರು ಮೀಟರಿನ ಮುಂದೆ ನಿಂತು ಲಿಲಾವಿನಲ್ಲಿ ಕೂಗುವ ದನಿಯಲ್ಲೇ ಎಣಿಸತೊಡಗಿದರು. ಬೀದಿಯಲ್ಲಿ ಹೋಗುವವರು ತೊಗರಿ ಮನೆಯಲ್ಲೇ ಮಾರುತ್ತಿದ್ದಾರೇನೋ ಎಂದು ಇಣುಕಿ ನೋಡಿದರು. ನಿಮಿಷ ಮುಗಿದಾಗ ಎಣಿಕೆ 44ಕ್ಕೆ ನಿಂತಿತ್ತು. 53 ಬರಬೇಕಾದಲ್ಲಿ 44!

ಸಾಹುಕಾರರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ಇಳಿಸಿ: "ಮಾಸ್ತರ, ಮೀಟರ್ ಹಿಂದ ಬಿದ್ದದ. ಕಂಪ್ಲೇಂಟ್ ಬ್ಯಾಡ ಬಿಡ್ರಿ. ಪಾಪ, ಅದ್ಯಾಕ ಅವ್ರಿಗಿ ತ್ರಾಸು?"

ಉಸ್ತಾದ್ ನಗಲಿಲ್ಲ. ಟಾಂಗ್ ಟೆಸ್ಟರಿನ ಕೊಂಡಿ ವೈರಿಗೆ ಹಾಕಿದರು. ಸುಮಾರು 4 ಆಂಪಿಯರ್, ಸರಿಯಾಗಿ ಹೇಳಬೇಕೆಂದರೆ 3.97. ವೋಲ್ಟ್ ನೋಡಿದರು, 210. "ಗುಣಿಸ್ರಿ," ಅಂದರು. ಸಾಹುಕಾರರಿಗೆ ಅದೇನು ದೊಡ್ಡದು? 833 ವಾಟ್. 833 ವಾಟಿಗೆ ನಿಮಿಷಕ್ಕೆ 44 ಮಿಣುಕೇ ಬರಬೇಕು. ಮೀಟರ್ ಮುಂದೆಯೂ ಹೋಗಿಲ್ಲ, ಹಿಂದೆಯೂ ಬಿದ್ದಿಲ್ಲ. ರಾಡಿನ ಮೇಲೆ ಬರೆದ 1000 ವಾಟ್ 230 ವೋಲ್ಟ್ ಬಂದಾಗಿನ ಮಾತು. 230 ವೋಲ್ಟಿಗೆ 4.35 ಆಂಪಿಯರ್, ಭಾಗಿಸಿದರೆ 52.9 ಓಮ್. ಆ 52.9 ಓಮ್ ರಾಡಿನ ಸ್ವಂತ ಆಸ್ತಿ, ಅದು ಅಷ್ಟಾಗಿ ಕದಲುವುದಿಲ್ಲ. ವೋಲ್ಟ್ ಇಳಿದರೆ ಆಂಪಿಯರೂ ಇಳಿಯುತ್ತದೆ, ಎರಡೂ ಇಳಿದ ಮೇಲೆ ಗುಣಲಬ್ಧ ಎರಡು ಪಟ್ಟು ಪೆಟ್ಟು ತಿನ್ನುತ್ತದೆ. 180 ವೋಲ್ಟಿಗೆ ಇಳಿದ ದಿನ ಇದೇ ರಾಡು 612 ವಾಟಿಗೆ ಬಂದು ಕೂರುತ್ತದೆ. ವೋಲ್ಟಿನಲ್ಲಿ ಕಾಲುಭಾಗವೂ ಹೋಗಿಲ್ಲ, ಕಾವಿನಲ್ಲಿ ಶೇಕಡ 39 ಹೋಯಿತು.

"ಅಂದ್ರ ವೋಲ್ಟೇಜ್ ಕಮ್ಮಿ ಇದ್ರ ನಮಗ ಫಾಯ್ದಾನೇ ಅಲ್ರೀ!"

ಗಂಜದ ಮನುಷ್ಯನ ತಲೆ ಎಲ್ಲಿಗೆ ಓಡುತ್ತದೆ ನೋಡಿ. ಫಾಯ್ದಾ ಇಲ್ಲ. 20 ಲೀಟರ್ ಬಕೆಟಿನ ನೀರನ್ನು 30 ಡಿಗ್ರಿ ಏರಿಸಬೇಕಾದರೆ ಸುಮಾರು 0.7 ಯೂನಿಟ್ ಬೇಕೇ ಬೇಕು. 1000 ವಾಟ್ ಇದ್ದರೆ 42 ನಿಮಿಷ, 612 ಇದ್ದರೆ 68 ನಿಮಿಷ. ನೀರು ಕೇಳುವುದು ಯೂನಿಟನ್ನು, ಗಡಿಯಾರ ನೋಡುವವನು ಅಳಿಯ.

ಈ ವೋಲ್ಟೇಜ್ ಏರಿಳಿತದ ಕಾಟ ನಮ್ಮೊಬ್ಬರಿಗೇ ಅಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ಸ್ವತಃ ಓಮ್ ಸಾಹೇಬರಿಗೂ ಇತ್ತು. ಜರ್ಮನಿಯ ಎರ್ಲಾಂಗನ್ ಊರಿನ ಬೀಗ ಮಾಡುವವನ ಮಗ ಜಾರ್ಜ್ ಸೈಮನ್ ಓಮ್, ಕಲೋನ್ ಪಟ್ಟಣದಲ್ಲಿ ಶಾಲಾ ಮಾಸ್ತರ. ತಂತಿಗಳ ತಡೆ ಅಳೆಯಲು ಕೂತರೆ ಆ ಕಾಲದ ಬ್ಯಾಟರಿ ನಿಂತಲ್ಲಿ ನಿಲ್ಲದು; ಅಳತೆ ತೆಗೆಯುವಷ್ಟರಲ್ಲಿ ಕುಸಿಯುವುದು. ಸ್ಟೆಬಿಲೈಸರ್ ತರೋಣವೆಂದರೆ ಅಂಗಡಿ ಇನ್ನೂ ಹುಟ್ಟಿಲ್ಲ. ಕೊನೆಗೆ ಅವರು ಬ್ಯಾಟರಿಯನ್ನೇ ಬಿಟ್ಟು ಬಿಸ್ಮತ್-ತಾಮ್ರದ ಜೋಡಿ ಹಿಡಿದರು. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಕುದಿಯುವ ನೀರಿನ ಶಾಖವೂ ಕದಲದು, ಕರಗುವ ಮಂಜಿನದೂ ಕದಲದು. ಹಾಗಾಗಿ ಆ ಶಾಖದ ಅಂತರದಿಂದ ಹುಟ್ಟುವ ವೋಲ್ಟೂ ಕದಲಲಿಲ್ಲ. 1827ರಲ್ಲಿ ಪುಸ್ತಕ ಬಂತು. ಸ್ವದೇಶದ ಪಂಡಿತರು ಮೂಗು ಮುರಿದರು, ಮಾಸ್ತರರು ಕೆಲಸ ಬಿಟ್ಟರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟ ಮೇಲೆ, ಹೌದು ಹೌದು, ನಮ್ಮವರೇ ಎಂದರು. ಈ ಕೊನೆಯ ಭಾಗ ಯಾವ ದೇಶದಲ್ಲಾದರೂ ನಡೆಯುವಂಥದ್ದು, ವಿಸ್ತರಿಸುವುದಿಲ್ಲ.

ಓಮ್‌ಗಿಂತ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ವೋಲ್ಟು-ಆಂಪಿಯರಿನ ಈ ಸಂಬಂಧವನ್ನು ಕಂಡುಕೊಂಡು ಯಾರಿಗೂ ಹೇಳದೆ ಇಟ್ಟುಬಿಟ್ಟಿದ್ದರು. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಅಚ್ಚು ಹಾಕಿಸಿದ್ದು 1879ರಲ್ಲಿ. ಕ್ಯಾವೆಂಡಿಶ್ ಅವರ ಮೀಟರ್ ಯಾವುದು ಗೊತ್ತೇ? ತಮ್ಮ ಸ್ವಂತ ಮೈ. ಶಾಕ್ ಎಷ್ಟು ಜೋರು ಹೊಡೆಯಿತು ಎಂಬುದರ ಮೇಲೆ ಕರೆಂಟಿನ ಅಂದಾಜು. ಇದನ್ನು ಹೇಳಿದಾಗ ನಮ್ಮ ಉಸ್ತಾದ್, "ನಮ್ಮ ಗುರುಗೋಳೂ ಹಂಗೇ ಇದ್ರು, ಬೆರಳ ತುದೀಲೆ ಫೇಸ್ ನೋಡ್ತಿದ್ರು," ಎಂದು ಕೈ ಮುಗಿದರು. ಬೇಡ ಮಾರಾಯರೇ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎಂದು ಹಿಡಿದರೂ 230 ವೋಲ್ಟಿಗೆ 230 ಮಿಲಿಆಂಪಿಯರ್ ಆಗುತ್ತದೆ. ಮನೆಯವರ ಜೀವ ಕಾಯಲು ಬೋರ್ಡಿನಲ್ಲಿ ಕೂರಿಸುವ ಸ್ವಿಚ್ 30 ಮಿಲಿಆಂಪಿಯರ್ ಸೋರಿದರೇ ಬೀಳುವಂತೆ ಮಾಡಿರುತ್ತಾರೆ. ರಾಡು ಬಕೆಟಿನಲ್ಲಿ ಇರುವಾಗ ನೀರು ಕಾದಿದೆಯೋ ಎಂದು ಬೆರಳು ಅದ್ದಿ ನೋಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ಆಮೇಲೆ ಅದ್ದಲಿ.

ಸಾಹುಕಾರರಿಗೆ ಈಗ ರುಚಿ ಹತ್ತಿತ್ತು. ಹೊಸ ವಿದ್ಯೆ ಕಲಿತವರ ಕಾಟ ಹೇಗಿರುತ್ತದೆಂದು ಗಂಜದ ಚಾ ಅಂಗಡಿಯವನನ್ನು ಕೇಳಿ. "2000 ವಾಟಿನ ಗೀಸರ್ ದೊಡ್ದು. ಹಂಗಾದ್ರ ಅದರ ಓಮೂ ದೊಡ್ದು ಇರ್ಬೇಕಲ್ಲ?" ಇಲ್ಲ. 8.7 ಆಂಪಿಯರ್, 26.45 ಓಮ್; ಅರ್ಧಕ್ಕೆ ಇಳಿಯಿತು. ತಡೆ ಕಡಿಮೆ ಇದ್ದವನಲ್ಲೇ ಮಾಲು ಜಾಸ್ತಿ ಹರಿಯುವುದು. ಹಳೆಯ 100 ವಾಟಿನ ಬಲ್ಬಿಗೆ 529 ಓಮ್, 40 ವಾಟಿನದಕ್ಕೆ 1322. ಎರಡನ್ನೂ ಒಂದರ ಹಿಂದೆ ಒಂದು ಸೀರೀಸಿನಲ್ಲಿ ಜೋಡಿಸಿದರೆ 40 ವಾಟಿನದೇ ಜೋರಾಗಿ ಬೆಳಗಿ 100 ವಾಟಿನದು ಮಂಕಾಗಿ ಕೂರುತ್ತದೆ. ಇದರ ಮೇಲೆ ಚಾ ಅಂಗಡಿಯಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ ಪಣ ಕಟ್ಟಿ ಸಾಹುಕಾರರು ಗೆದ್ದರು. ಲೆಕ್ಕ ಕಲಿತದ್ದಕ್ಕೆ ಅವರಿಗೆ ಸಿಕ್ಕ ಮೊದಲ ಆದಾಯ ಅದು.

ಆದರೆ ಬಲ್ಬು ಅಷ್ಟು ಸುಲಭಕ್ಕೆ ಬಗ್ಗುವ ಪ್ರಾಣಿಯಲ್ಲ. ಉಸ್ತಾದರ ಚೀಲದಲ್ಲಿ ಯಾವಾಗಲೂ ಒಂದು 100 ವಾಟಿನ ತಂತಿಬಲ್ಬು ಇರುತ್ತದೆ. ಊರೆಲ್ಲ ಎಲ್‌ಇಡಿ ಆದರೂ ಇದನ್ನು ಬಿಡುವುದಿಲ್ಲ, ಏಕೆಂದರೆ ಇದು ಅವರ ಸೀರೀಸ್ ಬೋರ್ಡಿನ ಬಲ್ಬು. ರಿಪೇರಿಗೆ ಬಂದ ಯಾವುದೇ ಸಾಮಾನು ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಫ್ಯೂಸ್ ಹಾರುವುದಿಲ್ಲ. ಎಷ್ಟೇ ಕೆಟ್ಟಿದ್ದರೂ ಅರ್ಧ ಆಂಪಿಯರಿಗಿಂತ ಹೆಚ್ಚು ಕರೆಂಟ್ ಹೋಗಲು ಬಲ್ಬೇ ಬಿಡುವುದಿಲ್ಲ. ಸಾಹುಕಾರರು ಆ ಬಲ್ಬನ್ನು ಮಲ್ಟಿಮೀಟರಿಗೆ ಹಚ್ಚಿ ನೋಡಿದರು. 529 ಬರಬೇಕಾದಲ್ಲಿ 40ರ ಆಸುಪಾಸು ತೋರಿಸಿತು. 230 ಭಾಗಿಸು 40, ಗುಣಿಸು 230, 1322 ವಾಟ್! "ಮೋಸ ಮಾಸ್ತರ! 100 ಅಂತ ಬರ್ದು 1300 ಎಳಿತದ!" ಮೋಸವಿಲ್ಲ. ಅದು ತಣ್ಣಗಿನ ಟಂಗ್‌ಸ್ಟನ್. ಬಟನ್ ಹಾಕಿದ ಕ್ಷಣಕ್ಕೆ ನಿಜಕ್ಕೂ ಅಷ್ಟು ಎಳೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸುಮಾರು 2500 ಡಿಗ್ರಿಗೆ ಕಾದು, ತಡೆ ಹದಿಮೂರು ಪಟ್ಟು ಏರಿ, ಸಭ್ಯವಾಗಿ 100 ವಾಟಿಗೆ ಬಂದು ನಿಲ್ಲುತ್ತದೆ. ಹಳೆಯ ಬಲ್ಬುಗಳು ಉರಿಯುತ್ತ ಸಾಯುವುದಕ್ಕಿಂತ ಬಟನ್ ಒತ್ತಿದಾಗ ಪಟ್ಟೆಂದು ಹೋಗುತ್ತಿದ್ದದ್ದು ಇದರಿಂದಲೇ. ಓಮ್ ಸಾಹೇಬರ ಭಾಗಾಕಾರ ಸುಳ್ಳಾಗಲಿಲ್ಲ. ಯಾವಾಗ ಅಳೆದಿರಿ ಎಂಬ ಪ್ರಶ್ನೆಯನ್ನು ಮಾತ್ರ ಅದು ನಿಮಗೆ ಬಿಟ್ಟಿರುತ್ತದೆ.

ತಡೆ ಎಂಬುದು ಸಾಮಾನಿನಲ್ಲಿ ಮಾತ್ರ ಇರುತ್ತದೆ ಎಂದುಕೊಂಡವರಿಗೆ ಮದುವೆ ಮನೆ ತೋರಿಸಬೇಕು. ಬೀಗರು ಬಂದಿದ್ದಾರೆ, ನೀರು ಕಾಯಬೇಕು. ಪಕ್ಕದ ಮನೆಯಿಂದ 40 ಮೀಟರ್ ಸಣ್ಣ ವೈರು ಎಳೆದು 2000 ವಾಟಿನ ರಾಡು ಹಚ್ಚುತ್ತಾರೆ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಹೋಗುತ್ತ ಬರುತ್ತ 80 ಮೀಟರ್. ಅದರದೇ ತಡೆ ಒಂದೂವರೆ ಓಮ್ ಹತ್ತಿರ. ಆ ವೈರಿನಲ್ಲೇ ಸುಮಾರು 100 ವಾಟ್ ಸುಟ್ಟುಹೋಗುತ್ತದೆ, ರಾಡಿಗೆ 1800 ಮುಟ್ಟುತ್ತದೆ. ಉಳಿದ ವೈರನ್ನು ಸುರುಳಿ ಸುತ್ತಿ ಅದರ ಮೇಲೆ ಹಾಸಿಗೆ ಗಂಟು ಇಟ್ಟರೆ ಬೀಗರಿಗಿಂತ ಮೊದಲು ಹಾಸಿಗೆ ಬಿಸಿಯಾಗುತ್ತದೆ. ಇನ್ನು ಸಡಿಲ ಪ್ಲಗ್. ಅಲ್ಲಾಡುವ ಪಿನ್ನಿನಲ್ಲಿ ಬರೀ ಅರ್ಧ ಓಮ್ ಹುಟ್ಟಿತೆನ್ನಿ, 8.7 ಆಂಪಿಯರ್ ಹರಿಯುವಾಗ ಅಲ್ಲಿ 38 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಅದಕ್ಕಿಂತ ಕಡಿಮೆ ವಾಟಿನದು. ಗೋಡೆಯ ಸಾಕೆಟ್ ಕಪ್ಪಾಗಿ ಮುಲುಗುಟ್ಟುವಾಗ ನಾವು ಬಾಯಿಂದ ಊದಿ, ಪಿನ್ನಿಗೆ ಬೆಂಕಿಕಡ್ಡಿ ಸಿಕ್ಕಿಸಿ ಮುಂದುವರಿಸುತ್ತೇವೆ. ಸಣ್ಣ ಸಾಕೆಟಿಗೆ 6 ಆಂಪಿಯರ್ ಮಿತಿ, ಅಂದರೆ 1380 ವಾಟ್. ಅದಕ್ಕೆ 2000 ವಾಟಿನ ರಾಡು ಹಚ್ಚುವುದು, 12 ಕ್ವಿಂಟಲ್ ಕೊಳ್ಳುವೆನೆಂದವನ ಮೇಲೆ 17 ಕ್ವಿಂಟಲ್ ಸುರಿಯುವ ಕೆಲಸ. ಗಂಜದಲ್ಲಿ ಇದಕ್ಕೆ ಹೊಡೆದಾಟವಾಗುತ್ತದೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ.

ತಡೆ ಕಡಿಮೆ ಬೇಕಾದರೆ ಲೋಹಗಳಲ್ಲಿ ಬೆಳ್ಳಿಗಿಂತ ಮೇಲಿಲ್ಲ. ತಾಮ್ರ ಅದರ ಹಿಂದೆ. ನಮ್ಮ ಊರಿನ ಬಿದರಿ ಕುಶಲಕರ್ಮಿ ಆ ಬೆಳ್ಳಿಯ ತಂತಿಯನ್ನೇ ಎಳೆದು, ಸತುವಿನ ಹೂಜಿಯ ಮೈಯಲ್ಲಿ ಬಳ್ಳಿ ಬಿಡಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡಿ ಷೋಕೇಸಿಗೆ ಕಳಿಸಿದ್ದಾನೆ. ಲೋಕದ ಅತ್ಯುತ್ತಮ ವಾಹಕ ಒಂದು ಆಂಪಿಯರನ್ನೂ ಹೊರದೆ ಮೆರೆಯುತ್ತಿದೆ. ಕರೆಂಟ್ ಕಂಬದ ಮೇಲೆ ದುಡಿಯಲು ಅಲ್ಯೂಮಿನಿಯಂ.

ಸಾಹುಕಾರರ ವಿದ್ಯೆಗೆ ನಿಜವಾದ ಪೆಟ್ಟು ಬಿದ್ದದ್ದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ವಾರ್ನಿಶ್ ವಾಸನೆ, ತಾಮ್ರದ ಸುರುಳಿಗಳು, ಸುಟ್ಟು ಬಂದ ಪಂಪಿನ ಸಾಲು. ಗಿರಣಿಯ 10 ಎಚ್‌ಪಿ ಮೋಟರೊಂದು ರಿಪೇರಿಯಾಗಿ ಹೊರಟಿತ್ತು. ಪ್ಲೇಟ್ ಓದುವ ಚಟ ಈಗ ಇವರಿಗೆ. "415 ವೋಲ್ಟ್, 14 ಆಂಪಿಯರ್. ಗುಣಿಸಿದ್ರ 5,810. ಒಂದ್ ಎಚ್‌ಪಿಗೆ 746ರಂಗ ಹತ್ತಕ್ಕ 7,460. ಉಳಿದದ್ದು ಎಲ್ಲಿ ಹೋತ್ರೀ?"

"ಮೂರು ಫೇಸ್ ಅವ ಸೇಠ್, 1.732 ಗುಣಿಸ್ರಿ," ಅಂದರು ವೈಂಡಿಂಗ್‌ನವರು ತಲೆ ಎತ್ತದೆ.

"10,063! ಈಗ ಜಾಸ್ತಿ ಆತಲ್ರೀ!"

"ಪವರ್ ಫ್ಯಾಕ್ಟರ್ ಅದ. 0.85."

"8,553. ಇನ್ನೂ ಜಾಸ್ತಿನೇ ಅದ."

"ಸಾವಿರ ಚಿಲ್ಲರೆ ಕಾವಿಗೆ ಹೋಗ್ತದ. ಮುಟ್ಟಿ ನೋಡ್ರಿ, ಮೋಟರ್ ಬಿಸಿ ಆಗಲ್ಲೇನು?"

ಸಾಹುಕಾರರ ಮುಖದಲ್ಲಿ, ತೂಕವಾದ ಮೇಲೆ ಕಡತ ಕೇಳಿದ ರೈತನನ್ನು ನೋಡುವಾಗಿನ ಭಾವ. ರಾಡು, ಇಸ್ತ್ರಿ, ಬಲ್ಬುಗಳ ಲೆಕ್ಕ ನೇರ. ಮೋಟರ್ ಹಾಗಲ್ಲ. ಅದರ ವೈಂಡಿಂಗನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಒಂದೆರಡು ಓಮ್. ಬರೀ ಅದನ್ನು ನಂಬಿ ಭಾಗಿಸಿದರೆ ನೂರಾರು ಆಂಪಿಯರ್ ಬರುತ್ತದೆ. ಮೋಟರ್ ತಿರುಗುತ್ತ ತಿರುಗುತ್ತ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಬರುವ ಕರೆಂಟನ್ನು ತಳ್ಳಿ ಹಿಡಿದಿರುತ್ತದೆ. ಗಿರಣಿಯ ಕಲ್ಲಿಗೆ ಏನೋ ಸಿಕ್ಕಿ ಮೋಟರ್ ನಿಂತಿತೋ, ಆ ತಳ್ಳುವವನು ಇಲ್ಲ. ಐದಾರು ಪಟ್ಟು ಕರೆಂಟ್ ನುಗ್ಗುತ್ತದೆ, ವಾರ್ನಿಶ್ ವಾಸನೆ ಬೀದಿಗೆ ಬರುತ್ತದೆ. ವೋಲ್ಟೇಜ್ ಇಳಿದಾಗಲೂ ಇಬ್ಬರ ಸ್ವಭಾವ ಬೇರೆ. ರಾಡಿಗೆ ವೋಲ್ಟ್ ಕಡಿಮೆ ಕೊಟ್ಟರೆ ಆಂಪಿಯರೂ ಕಡಿಮೆ ತೆಗೆದುಕೊಂಡು ಸುಮ್ಮನೆ ಕೂರುತ್ತದೆ. ಹೊರೆ ಹೊತ್ತ ಮೋಟರ್ ಮಾತ್ರ, ನೀರು ಎತ್ತುವ ಕೆಲಸ ಬಿಡೆನೆಂದು ಹಟ ಹಿಡಿದು ಆಂಪಿಯರ್ ಹೆಚ್ಚಿಸಿಕೊಂಡು ಸುಟ್ಟುಕೊಳ್ಳುತ್ತದೆ. ಔರಾದ, ಭಾಲ್ಕಿ ಕಡೆಯ ಯಾವ ರೈತನನ್ನಾದರೂ ಕೇಳಿ. ಸೂತ್ರ ಹೇಳದಿದ್ದರೂ ರಿವೈಂಡಿಂಗಿನ ಖರ್ಚು ಹೇಳುತ್ತಾನೆ.

ಇಷ್ಟೆಲ್ಲ ಕಲಿತ ಸಾಹುಕಾರರು ಮನೆಗೆ ಹೋಗಿ ಮಾಡಿದ್ದೇನು? ಅಳಿಯನ ಸ್ನಾನದ ಲೆಕ್ಕ. ಮೂರು ಬಕೆಟ್, 2.1 ಯೂನಿಟ್, ದಿನಕ್ಕೆ. ಅಳಿಯ ಬಂದು ಎಷ್ಟು ದಿನವಾಯಿತು, ಗುಣಿಸು. ಚೀಟಿಯಲ್ಲಿ ಬರೆದು, ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡು, ವೈನಿಯ ಮುಂದೆ ಇಟ್ಟರು. ಅಳಿಯ ಸಂತೆಗೆ ಹೋಗಿದ್ದ, ಪುಣ್ಯಕ್ಕೆ.

ವೈನಿ ಚೀಟಿ ಓದಿದರು. ಚಾ ಕಪ್ಪು ನನ್ನ ಕೈಗೆ ಕೊಟ್ಟು, ಗಂಡನ ಕಡೆ ತಿರುಗಿದರು. "ಬೋರಿನ ಮೋಟರ್ ಹಚ್ಚಿ ಫೋನಿನಾಗ ತೊಗರಿ ಭಾವ ಕೇಳ್ಕೋತ ಕೂಡ್ತೀರಲ್ಲ, ಟಾಕಿ ತುಂಬಿ ದಿನಾ ಒಂದ್ ತಾಸು ಅಂಗಳಕ್ಕ ಹರೀತದ. ಒಂದೂವರೆ ಎಚ್‌ಪಿ ಅಂತ ಅದರ ಮ್ಯಾಲೂ ಬರ್ದದ, ನಾನೂ ಓದೀನಿ. ಎರಡು ಬಕೆಟಿನ ಯೂನಿಟ್ ಅದ್ರಾಗೇ ಹೋಗ್ತದಲ್ಲ? ಅದನ್ನ ಯಾರ ಖಾತೆಗೆ ಹಚ್ಚಲಿ?"

ಸಾಹುಕಾರರು ನನ್ನ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅದಕ್ಕ ಪವರ್ ಫ್ಯಾಕ್ಟರ್ ಅದಲೇ. ಅದರ ಲೆಕ್ಕ ಬ್ಯಾರೆ."